ಬೆಲ್ಟು ಬಿಚ್ಚಿದ ಡ್ರಮ್ಮು

ಜನವರಿ 18, 2001, ಗುರುವಾರ

ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟು ಹೋಯಿತು. ಪರದೇಶದ ಈ ಕ್ಯಾಂಪ್‌ಬೆಲ್ ಊರಿಗೆ ಬಂದು ಆರು ವರ್ಷವಾಯಿತು, ಸರದಿಯ ಮೇಲೆ ಬಡಾವಣೆಗಳ ಕರೆಂಟು ತೆಗೆಯುವುದನ್ನು ಇಲ್ಲಿ ನೋಡಿದ್ದು ಇದೇ ಮೊದಲು. ಅಪಾರ್ಟ್‌ಮೆಂಟಿನವರೆಲ್ಲ ಹೊರಗೆ ಬಂದು ಗ್ರಹಣ ನೋಡುವವರ ಹಾಗೆ ತಲೆ ಎತ್ತಿ ನಿಂತಿದ್ದರು. ನಾನು ಒಳಗೆ ಹೋಗಿ ಗ್ಯಾಸ್ ಒಲೆಯ ಮೇಲೆ ಸಾರಿಗೆ ಒಗ್ಗರಣೆ ಹಾಕಿದೆ. ದಾವಣಗೆರೆಯಲ್ಲಿ ಹುಟ್ಟಿದವಳಿಗೆ ಲೋಡ್ ಶೆಡ್ಡಿಂಗ್ ಏನು ಹೊಸದೇ?

ಟಿವಿ ಇಲ್ಲದ ಹೊತ್ತಿನಲ್ಲಿ ಈ ನೋಟ್‌ಬುಕ್ಕು ಶುರುವಾಗಿದೆ. ಇದಕ್ಕೆ ಬೀಗ ಬೇಕಾಗಿಲ್ಲ. ಮಗಳು ನಿಹಾರಿಕಾಳ ಕನ್ನಡ ಓದು ಅ ಆ ಇ ಈ ದಾಟಲಿಲ್ಲ. ಇವರಿಗೆ ಓದಲು ಬರುತ್ತದೆ, ಪುರಸೊತ್ತು ಬರುವುದಿಲ್ಲ. ಮನೆಯಲ್ಲಿ ಶಿವರುದ್ರಪ್ಪ, ಸನ್ನಿವೇಲ್‌ನ ಆಫೀಸಿನಲ್ಲಿ ಶಿವ್. ಕಳೆದ ತಿಂಗಳು ಅಲ್ಲಿ ಹನ್ನೊಂದು ಜನರನ್ನು ಮನೆಗೆ ಕಳಿಸಿದರು, ಹೋದವರ ಕೆಲಸವೆಲ್ಲ ಈಗ ಉಳಿದವರ ತಲೆಯ ಮೇಲೆ. ನನ್ನ ವೀಸಾದಲ್ಲಿ ನಾನು ಕೆಲಸಕ್ಕೆ ಹೋಗುವ ಹಾಗಿಲ್ಲ. ನನ್ನ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಸೂಟ್‌ಕೇಸಿನಲ್ಲಿ ರೇಷ್ಮೆ ಸೀರೆಗಳ ನಡುವೆ ಬೆಚ್ಚಗಿದೆ.

ಮೂರೂವರೆಗೆ ನಿಹಾರಿಕಾ ಬಂದಳು. "ಅಮ್ಮಾ, ಸ್ಕೂಲ್ ಪ್ಲೇನಲ್ಲಿ…" ಎಂದಳು. ನಾನು "ಪಾರ್ಟು ಸಿಕ್ತಾ? ಯಾವ್ದು? ದೊಡ್ಡದಾ? ಡ್ರೆಸ್ಸು ನಾವೇ ಹೊಲಿಸ್ಬೇಕಾ?" ಎಂದೆ. ಅವಳು "ನೆವರ್ ಮೈಂಡ್" ಎಂದು ರೂಮಿಗೆ ಹೋದಳು. ನನ್ನದೇನು ತಪ್ಪು? ಆ ಹುಡುಗಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಕುಕ್ಕರು ಮೂರು ಸಲ ಕೂಗಿರುತ್ತದೆ.

ಫೆಬ್ರವರಿ 10, ಶನಿವಾರ

ದೇವಸ್ಥಾನದಲ್ಲಿ ಒಬ್ಬ ಹೆಂಗಸು ನಿಹಾರಿಕಾಳನ್ನು "ಏನು ಓದ್ತಿದೀಯಮ್ಮ?" ಎಂದು ಕೇಳಿದರು. ಅವಳು ಬಾಯಿ ತೆರೆದಳು. ನಾನು ಏಳನೇ ಕ್ಲಾಸು, ಮ್ಯಾಥ್ಸ್‌ನಲ್ಲಿ ಎ, ಪಿಯಾನೊ ಬಿಟ್ಟಳು, ಮಾತು ಸ್ವಲ್ಪ ನಿಧಾನ ಎಂದು ಎಲ್ಲವನ್ನೂ ಹೇಳಿ ಮುಗಿಸಿದೆ. ಕಾರಿನಲ್ಲಿ ಬರುವಾಗ ಅವಳು ಕಿಟಕಿ ಕಡೆ ಮುಖ ಮಾಡಿ "ದೇ ಆಸ್ಕ್ಡ್ ಮೀ" ಎಂದಳು. ಇವರು ನಕ್ಕರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗಲಿಲ್ಲ.

ನಾಟಕದ ಸುದ್ದಿ ಕೊನೆಗೆ ತಿಳಿದದ್ದು ಶಾಲೆಯ ಕಾಗದದಿಂದ. ಡ್ರಾಮಾ ಟೀಚರ್ ಮಿಸ್ ಒರೋಸ್ಕೊ ತಾವೇ ಬರೆದ ನಾಟಕ. ಈ ಕಣಿವೆಯಲ್ಲಿ ಕಂಪನಿಗಳಿಗೆ ಮೊದಲು ಹಣ್ಣಿನ ತೋಟಗಳಿದ್ದ ಕಾಲದ ಕಥೆ. ಏಪ್ರಿಕಾಟ್ ತೋಟ ಇಟ್ಟುಕೊಂಡಿರುವ ಎಂಬತ್ತು ವರ್ಷದ ಮುದುಕಿ, ಅದನ್ನು ಕೊಳ್ಳಲು ಬರುವ ಕಂಪನಿಯವರು. ನಮ್ಮ ಹನ್ನೆರಡು ವರ್ಷದ ಹುಡುಗಿಯೇ ಆ ಮುದುಕಿ. ಕೊನೆಯಲ್ಲಿ ಸೂರ್ಯ ಮುಳುಗುವಾಗ ಅವಳೊಬ್ಬಳೇ ನಿಂತು ಪೂರ್ತಿ ನಾಲ್ಕು ನಿಮಿಷ ಮಾತಾಡಬೇಕಂತೆ. ನಾಲ್ಕು ನಿಮಿಷ! ಮನೆಯಲ್ಲಿ ನಾಲ್ಕು ದಿನಕ್ಕೆ ಅಷ್ಟು ಮಾತಾಡುವುದಿಲ್ಲ.

ಫೆಬ್ರವರಿ 27, ಮಂಗಳವಾರ

ನಿಹಾರಿಕಾ ಊಟ ಮಾಡಲಿಲ್ಲ. ಶಾಲೆಯ ರಂಗಮಂದಿರದಲ್ಲಿ ದೀಪಗಳನ್ನು ಏರಿಸಿ ಇಳಿಸುವ ಡಿಮ್ಮರ್ ಬೋರ್ಡು ಮೂವತ್ತು ವರ್ಷ ಹಳೆಯದು. ನಿನ್ನೆ ಅದರಿಂದ ಹೊಗೆ ಬಂದು, ಪರೀಕ್ಷೆಗೆ ಬಂದವರು ಇನ್ನು ಬಳಸಬಾರದೆಂದು ಕೆಂಪು ಚೀಟಿ ಅಂಟಿಸಿ ಹೋದರಂತೆ. ಹೊಸದು ಬರುವುದು ಮುಂದಿನ ವರ್ಷವೋ, ಅದರಾಚೆಯ ವರ್ಷವೋ. ನಾಟಕವನ್ನು ಊಟದ ಹಾಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ, ಇಪ್ಪತ್ತೇ ನಿಮಿಷಕ್ಕೆ ಇಳಿಸಿ ಆಡಿಸುತ್ತಾರೆ. ಸೂರ್ಯಾಸ್ತವಿಲ್ಲದ ಮೇಲೆ ಕೊನೆಯ ಮಾತೂ ಇಲ್ಲ.

"ಹೋಗ್ಲಿ ಬಿಡು, ಅಷ್ಟುದ್ದ ಬಾಯಿಪಾಠ ಮಾಡೋದು ತಪ್ತು" ಎಂದೆ. ಸಮಾಧಾನ ಮಾಡಲೆಂದೇ ಅಂದದ್ದು. ಅವಳು ಎದ್ದು ಹೋದಳು. ಆಮೇಲೆ ಬಾತ್‌ರೂಮಿನ ಬಾಗಿಲಾಚೆ ಅವಳ ದನಿ ಕೇಳಿತು. ಆ ಮಾತುಗಳನ್ನೇ ಒಪ್ಪಿಸಿಕೊಳ್ಳುತ್ತಿದ್ದಳು, ಪೂರ್ತಿ ಪಾಠವಾಗಿದೆ.

ಮಾರ್ಚ್ 3, ಶನಿವಾರ

ಪಕ್ಕದ ಬೀದಿಯ ಸಮದ್ ಚಾಚಾ ಮನೆ ಖಾಲಿ ಮಾಡುತ್ತಿದ್ದಾರೆ. ಬೆಂಗಳೂರಿನವರು, ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ, ಚಿಪ್ ಕಂಪನಿಯಲ್ಲಿ ದುಡಿದು ರಿಟೈರಾದವರು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಬಂದರೆ ಅವರ ಮನೆಯ ಮುಂದೆ ಕಾರುಗಳು ಸಾಲು ನಿಲ್ಲುತ್ತವೆ. ಹಾಡಿನ ತಾಳಕ್ಕೆ ಸರಿಯಾಗಿ ಸೂರು, ಗಿಡ, ಕಿಟಕಿಯ ದೀಪಗಳೆಲ್ಲ ಹತ್ತಿ ಆರಿ ಕುಣಿಯುತ್ತವೆ. ಯಾಕೆ ಹಾಕುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಅರೆ, ರಸ್ತೆಯೆಲ್ಲಾ ದೀಪ ಹಾಕ್ತಾರೆ, ನಮ್ಮನೆ ಒಂದೇ ಕತ್ಲೆ ಇದ್ರೆ ಚೆನ್ನಾಗಿರುತ್ತಾ ಬೇಟಿ? ನಾನು ಕ್ರಿಸ್ಮಸ್ ತಾತನ ಜಿಂಕೆನೂ ಹಾಕ್ತೀನಿ, ಈದ್ ಚಂದ್ರಾನೂ ಹಾಕ್ತೀನಿ" ಎಂದಿದ್ದರು.

ಇವತ್ತು ಅವರಿಗೆ ಚಿತ್ರಾನ್ನ ಕೊಡಲು ಹೋದೆ. ಗ್ಯಾರೇಜಿನಲ್ಲಿ ಮೂರು ಕಬ್ಬಿಣದ ಪೆಟ್ಟಿಗೆಗಳು, ಒಂದೊಂದಕ್ಕೆ ಎಂಟೆಂಟು ಪ್ಲಗ್ಗಿನ ತೂತು, ಎಲ್ಲದರಿಂದ ಒಂದು ಹಳೇ ಕಂಪ್ಯೂಟರಿಗೆ ವೈರು. "ಮಗ ಮಾಝ್ ವಾಲ್ನಟ್ ಕ್ರೀಕಲ್ಲಿ ಮನೆ ತಗೊಂಡಿದಾನೆ, ಇನ್ಮೇಲೆ ನಾನೂ ಅಲ್ಲೇ. ಅಲ್ಲಿ ಅಸೋಸಿಯೇಷನ್ನವ್ರು ಬಿಳೀ ದೀಪ ಬಿಟ್ಟು ಬೇರೆ ಹಾಕೋಕೆ ಬಿಡಲ್ವಂತೆ. ಇವನ್ನೆಲ್ಲಾ ನಾನೇನ್ ಮಾಡ್ಲಿ?"

ನಾನು ಒಂದರ ಮುಚ್ಚಳ ತೆಗೆದು ನೋಡಿದೆ. ಒಂದೊಂದು ತೂತಿಗೂ ಕರೆಂಟನ್ನು ಹೆಚ್ಚು ಕಡಿಮೆ ಮಾಡುವ ಒಂದೊಂದು ಟ್ರಯಾಕ್, ಒಂದೊಂದು ಫ್ಯೂಸು, ಅಚ್ಚುಕಟ್ಟಾದ ಬೆಸುಗೆ. ಬರೀ ಹತ್ತಿಸಿ ಆರಿಸುವುದಲ್ಲ, ನಿಧಾನವಾಗಿ ಏರಿಸಿ ಇಳಿಸಲೂ ಬರುತ್ತದೆ. ಒಂದು ತೂತು ಐನೂರು ವಾಟಿನ ದೀಪ ತಾಳುತ್ತದಂತೆ. ಶಾಲೆಯ ಸ್ಟೇಜಿನ ದೀಪಗಳೂ ಐನೂರರವೇ. ಹದಿಮೂರು ವರ್ಷದಿಂದ ಕೈಯಲ್ಲಿ ಮಲ್ಟಿಮೀಟರ್ ಹಿಡಿದಿರಲಿಲ್ಲ, ಬೆರಳಿಗೆ ಎಲ್ಲ ನೆನಪಿತ್ತು.

"ಚಾಚಾ, ಇವನ್ನ ನನಗೆ ಕೊಡಿ" ಎಂದೆ. ಕಾರಣ ಕೇಳಿ ಅವರು ಗಡ್ಡ ಕೆರೆದುಕೊಂಡರು. "ತಗೊಂಡೋಗು. ಆದ್ರೆ ಒಂದ್ ಮಾತು, ಇದು ಹಾಡಿಗೆ ಮಾಡಿದ್ದು, ನಾಟಕಕ್ಕೆ ಮಾಡಿದ್ದಲ್ಲ" ಎಂದರು. ಬೆಳಕಿಗೆ ಹಾಡೇನು ನಾಟಕವೇನು ಎಂದು ನಾನು ಆಗಲೇ ಒಂದು ಪೆಟ್ಟಿಗೆ ಎತ್ತಿ ಕಾರಿಗೆ ಹಾಕುತ್ತಿದ್ದೆ.

ಮಾರ್ಚ್ 8, ಗುರುವಾರ

ಮಿಸ್ ಒರೋಸ್ಕೊ ಅವರನ್ನು ಕಂಡೆ. ನನ್ನ ಇಂಗ್ಲಿಷು ದಾವಣಗೆರೆಯಲ್ಲಿ ಇಳಿದು ಒಂದು ಚಹಾ ಕುಡಿದೇ ಬಾಯಿಗೆ ಬರುವುದು, ಆದರೂ ಹೇಳಿದೆ. ಅವರು ಶಾಲೆಯ ಎಲೆಕ್ಟ್ರಿಷಿಯನ್ ಒಪ್ಪಿದರೆ ಸರಿ ಎಂದರು. ಏಪ್ರಿಲ್ ಕೊನೆಯ ಮಂಗಳವಾರಕ್ಕೆ ದೀಪ ಸರಿಹೋಗದಿದ್ದರೆ ಊಟದ ಹಾಲೇ ಗತಿ.

ನಿಹಾರಿಕಾಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು. "ಕ್ರಿಸ್ಮಸ್ ಲೈಟ್ಸಾ? ಅಮ್ಮಾ, ಎವ್ರಿವನ್ ವಿಲ್…" ಎಂದಳು. "ನಗಲ್ಲ, ಯಾರೂ ನಗಲ್ಲ" ಎಂದು ನಾನೇ ಮುಗಿಸಿದೆ.

ಮಾರ್ಚ್ 15, ಗುರುವಾರ

ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಗಳ ಹೊಟ್ಟೆ ಬಗೆದು ನೋಡಿದ. ಒಂದರಲ್ಲಿ ಅರ್ಥ್ ವೈರು ಸಡಿಲ, ಅವನ ಎದುರೇ ಬೆಸುಗೆ ಹಾಕಿದೆ. ಗೋಡೆಯೊಳಗಿನ ಹಳೇ ವೈರಿಂಗ್ ಮುಟ್ಟಬಾರದು. ಪ್ರತಿ ಪೆಟ್ಟಿಗೆಗೂ ಬೇರೆ ಲೈನಿನ ಕರೆಂಟು. ಒಂದು ಪೆಟ್ಟಿಗೆಯಲ್ಲಿ ಒಂದೇ ಸಲಕ್ಕೆ ಮೂರು ದೀಪಕ್ಕಿಂತ ಹೆಚ್ಚು ಪೂರ್ತಿ ಉರಿಯಬಾರದು. ಬೆಂಕಿ ಆರಿಸುವ ಸಿಲಿಂಡರು ಪಕ್ಕದಲ್ಲೇ ಇರಬೇಕು. ಎಲ್ಲಕ್ಕೂ ಹೂಂ ಎಂದೆ. ಹೋಗುವಾಗ ಅವನು ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ. ಅಪ್ಪನ ಅಂಗಡಿಯಲ್ಲಿ ಎಂದೆ.

ಸುಳ್ಳಲ್ಲ. ಅಪ್ಪನ ಅಂಗಡಿ ಗುರುಶಾಂತಪ್ಪ ಲೈಟಿಂಗ್ಸ್. ಮದುವೆ, ಗಣಪತಿ, ಉರುಸು, ಎಲ್ಲಕ್ಕೂ ಸೀರಿಯಲ್ ಸೆಟ್ಟು ನಮ್ಮದೇ. ಆಗ ಕಂಪ್ಯೂಟರಿಲ್ಲ, ಡ್ರಮ್ಮು. ಮರದ ಉರುಳೆಯ ಮೇಲೆ ತಾಮ್ರದ ಪಟ್ಟಿ ಹೊಡೆದಿರುತ್ತಿದ್ದರು. ಮೋಟಾರು ಬೆಲ್ಟು ಎಳೆದು ಉರುಳೆ ತಿರುಗಿಸುತ್ತಿತ್ತು, ಪಟ್ಟಿ ತಂತಿಗೆ ತಾಗಿದಾಗ ಆ ಸಾಲಿನ ಬಲ್ಬು ಹತ್ತುತ್ತಿತ್ತು. ನವಿಲು ಗರಿ ಬಿಚ್ಚುವುದು, ಚಕ್ರ ತಿರುಗುವುದು, ಎಲ್ಲ ಆ ಪಟ್ಟಿಗಳ ಲೆಕ್ಕ. ನಾನು ಆರನೇ ಕ್ಲಾಸಿನಲ್ಲೇ ಪಟ್ಟಿ ಹೊಡೆಯುತ್ತಿದ್ದೆ.

ಮಾರ್ಚ್ 19, ಸೋಮವಾರ

ಮತ್ತೆ ಕರೆಂಟು ಹೋಯಿತು. ಚಾಚಾನ ಕಂಪ್ಯೂಟರಿನಲ್ಲಿ ನಾಟಕದ ದೀಪಗಳ ಲೆಕ್ಕ ಕೂರಿಸುತ್ತಿದ್ದೆ, ಸೇವ್ ಮಾಡಿರಲಿಲ್ಲ. ಎರಡು ದೃಶ್ಯ ನೀರುಪಾಲು.

ಏಪ್ರಿಲ್ 7, ಶನಿವಾರ

ಮುಗಿಯಿತು. ಚಾಚಾ ಬರೆದ ಪ್ರೋಗ್ರಾಮಿನಲ್ಲಿ ಸಾಲುಗಳೆಲ್ಲ ದೀಪ, ಅಡ್ಡಕ್ಕೆ ಕಾಲ. ನಾನು ನಾಲ್ಕು ತಾಲೀಮಿಗೆ ಸ್ಟಾಪ್‌ವಾಚ್ ಹಿಡಿದು ಕೂತು, ಸರಾಸರಿ ತೆಗೆದು, ನಲವತ್ತೆಂಟು ನಿಮಿಷದ ಇಡೀ ನಾಟಕವನ್ನು ಒಂದೇ ಉದ್ದ ಪಟ್ಟಿಯಾಗಿ ಹೆಣೆದಿದ್ದೇನೆ. ಒಂದು ಸಲ ಶುರು ಮಾಡಿದರೆ ಸಾಕು, ಬೆಳಗು, ಮಧ್ಯಾಹ್ನ, ಸೂರ್ಯಾಸ್ತ ಎಲ್ಲ ತಂತಾನೇ. ಚಾಚಾ ನೋಡಿ "ಕಾಮ್ ಪಕ್ಕಾ ಇದೆ" ಎಂದರು. ಹೆಮ್ಮೆಯಾಯಿತು, ಬರೆದುಕೊಳ್ಳಲು ನಾಚಿಕೆ ಏನು?

ಇವತ್ತು ಏನು ಅಡುಗೆ ಮಾಡಿದೆ ಎಂದು ನೆನಪಾಗುತ್ತಿಲ್ಲ. ಇವರು ಏನೋ ತಿಂದರು.

ಏಪ್ರಿಲ್ 17, ಮಂಗಳವಾರ

ಮರ್ಯಾದೆ ಹೋಯಿತು.

ಇವತ್ತಿನ ತಾಲೀಮಿನಲ್ಲಿ, ಮೊದಲ ದೃಶ್ಯದಲ್ಲೇ ಒಬ್ಬ ಹುಡುಗನ ಟೋಪಿ ಬಿದ್ದು, ಅವನು ಬಗ್ಗಿ ಎತ್ತಿಕೊಂಡು, ಎಲ್ಲರೂ ನಕ್ಕು, ಅರ್ಧ ನಿಮಿಷ ಹೋಯಿತು. ನನ್ನ ಮಧ್ಯಾಹ್ನ ಬಂದಾಗ ಅವರಿನ್ನೂ ಬೆಳಗಿನ ಕಾಫಿ ಕುಡಿಯುತ್ತಿದ್ದರು. ಅಲ್ಲಿಂದ ಒಂದೊಂದಕ್ಕೂ ಒಂದೊಂದು ತಪ್ಪು. ಖಾಲಿ ಜಾಗಕ್ಕೆ ಬೆಳಕು, ಜನ ಇದ್ದಲ್ಲಿ ಕತ್ತಲೆ. ಕೊನೆಗೆ ನಿಹಾರಿಕಾ ಮುಂದೆ ಬಂದು ತೋಟದ ಮರಗಳಲ್ಲಿ ಮೂರನೆಯದರ ಕಥೆ ಹೇಳುತ್ತಿರುವಾಗ ಸೂರ್ಯ ಮುಳುಗಿಯೇ ಹೋದ. ಕತ್ತಲೆಯಲ್ಲಿ ಅವಳ ದನಿ ನಾಲ್ಕು ಮಾತು ಮುಂದೆ ಹೋಗಿ ನಿಂತಿತು. ಯಾರೋ ಕಿಸಕ್ಕೆಂದರು.

ಮಿಸ್ ಒರೋಸ್ಕೊ ಬೈಯಲಿಲ್ಲ, ಇನ್ನೊಂದು ವಾರವಿದೆ ಎಂದರು ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ಕಾರಿನಲ್ಲಿ ನಾನು "ನೀನು ಸ್ವಲ್ಪ ಬೇಗ ಬೇಗ ಹೇಳಿದ್ರೆ ಸರಿಹೋಗುತ್ತೆ ಪುಟ್ಟಿ, ಬರೀ ಮೂವತ್ತು ಸೆಕೆಂಡು" ಎಂದೆ. ನಾನು ಇನ್ನೇನೋ ಹೇಳಲು ಹೊರಟೆ. ಅಷ್ಟರಲ್ಲಿ "ಐಯಾಮ್ ನಾಟ್ ಎ ಸಿಡಿ, ಅಮ್ಮಾ" ಎಂದಳು.

ಏಪ್ರಿಲ್ 22, ಭಾನುವಾರ

ಕಾಲಿಂಗ್ ಕಾರ್ಡಿನಲ್ಲಿ ಅಪ್ಪನಿಗೆ ಫೋನು. ಇಲ್ಲಿ ಬೆಳಗು, ಅಲ್ಲಿ ಅವರ ಊಟವಾಗಿತ್ತು. ಎಲ್ಲ ಹೇಳಿಕೊಂಡೆ. ಅಪ್ಪ ಜೋರಾಗಿ ನಕ್ಕುಬಿಟ್ಟರು.

"ನಾನೂ ಇದೇ ಮಾಡಿ ಬೈಸಿಕೊಂಡೀನವ್ವ. ನೀನಿನ್ನೂ ಹುಟ್ಟಿರಲಿಲ್ಲ. ಒಂದು ನಾಟಕ ಕಂಪನಿ ಊರಿಗೆ ಬಂದಿತ್ತು. ದರ್ಬಾರ್ ಸೀನಿಗೆ ಡ್ರಮ್ಮು ಕಟ್ಟಿಕೊಟ್ಟೆ. ಪಾರ್ಟಿನವ ಹಾಡಿದ, ಜನ ಒನ್ಸ್ ಮೋರ್ ಅಂದ್ರು. ಅವ ಮತ್ತೆ ಹಾಡ್ದ. ಮತ್ತೆ ಒನ್ಸ್ ಮೋರ್. ಡ್ರಮ್ಮಿಗೇನು ಗೊತ್ತಾಗ್ತತಿ? ಅದು ತಿರುಗ್ತಾನೇ ಐತಿ. ರಾಜ ಹಾಡ್ತಾನೆ, ಮೇಲೆ ಸಿಡಿಲು ಹೊಡೀತತಿ. ಪರದೆ ಬಿದ್ದ ಮೇಲೆ ಕಿರೀಟ ತಗದು ನನಗ ಹೊಡಿಯಾಕ ಬಂದಿದ್ದ."

"ಆಮೇಲೆ ಏನ್ ಮಾಡಿದ್ರಪ್ಪ?"

"ಏನ್ ಮಾಡ್ಲಿ, ಮೋಟಾರಿನ ಬೆಲ್ಟು ಬಿಚ್ಚಿ ಒಗದೆ. ಸೈಡ್ ಪರದೆ ಹಿಂದ ಕುಂತು ಕೈಲೆ ತಿರುಗಿಸ್ದೆ. ಅವ ನಿಂತ್ರ ನಾನೂ ನಿಲ್ತಿದ್ದೆ, ಅವ ನಡದ್ರ ನಾನೂ ನಡೀತಿದ್ದೆ. ಕಣ್ಣು ಡ್ರಮ್ಮಿನ ಮ್ಯಾಲೆ ಇರಬಾರದು ಜಲಜಾ, ಅವನ ಬಾಯಿ ಮ್ಯಾಲೆ ಇರಬೇಕು."

ಕಾರ್ಡಿನ ನಿಮಿಷ ಮುಗಿದು ಫೋನು ತಾನೇ ಕಟ್ಟಾಯಿತು. ನಾನು ರಿಸೀವರು ಹಿಡಿದೇ ಕೂತಿದ್ದೆ. ಹದಿನೈದು ವರ್ಷ ಆ ಡ್ರಮ್ಮಿನ ಪಕ್ಕ ಬೆಳೆದವಳು, ಅಪ್ಪ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಅಥವಾ ಹೇಳಲು ಹೊರಟಾಗ ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲವೋ ಏನೋ.

ಏಪ್ರಿಲ್ 24, ಮಂಗಳವಾರ

ಚಾಚಾ ನಿನ್ನೆ ಇಡೀ ದಿನ ನಮ್ಮ ಊಟದ ಮೇಜಿನ ಮೇಲೆ ಕಂಪ್ಯೂಟರಿಟ್ಟುಕೊಂಡು ಪ್ರೋಗ್ರಾಮು ತಿದ್ದಿದರು. ನಾನು ನನ್ನ ಉದ್ದ ಪಟ್ಟಿಯನ್ನು ನಲವತ್ತೊಂದು ತುಂಡು ಮಾಡಿದೆ. ಈಗ ಒಂದು ತುಂಡು ಮುಗಿದರೆ ದೀಪಗಳು ಇದ್ದ ಹಾಗೇ ನಿಲ್ಲುತ್ತವೆ. ನಾನು ಸ್ಪೇಸ್ ಬಾರ್ ಒತ್ತಿದ ಮೇಲೆಯೇ ಮುಂದಿನದು. ಒತ್ತದಿದ್ದರೆ ಬೆಳಗಿನವರೆಗೂ ಹಾಗೆಯೇ ಇರುತ್ತದೆ.

ಇವತ್ತು ತಾಲೀಮಿನಲ್ಲಿ ಎರಡೇ ತಪ್ಪು, ಎರಡೂ ನನ್ನ ಬೆರಳಿನ ಆತುರದ್ದು. ನಾಟಕ ರಂಗಮಂದಿರದಲ್ಲೇ, ಪೂರ್ತಿಯಾಗಿ, ಮೇ ಹನ್ನೊಂದಕ್ಕೆ. ನಿಹಾರಿಕಾ ನನ್ನ ಹತ್ತಿರ ಬಂದು ಕೀಬೋರ್ಡನ್ನು ಒಮ್ಮೆ ಮುಟ್ಟಿ ಹೋದಳು.

ಮೇ 1, ಮಂಗಳವಾರ

ಬೆರಳು ಬಾರಿನ ಮೇಲಿಟ್ಟುಕೊಂಡು ಕಾಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಇನ್ನೊಬ್ಬರ ಮಾತು ಯಾವಾಗ ಮುಗಿಯುತ್ತದೆಂದು ತಿಳಿಯಲು ಅದನ್ನು ಕೇಳಲೇಬೇಕು, ಬೇರೆ ದಾರಿಯಿಲ್ಲ. ನಿಹಾರಿಕಾಳ ಕೊನೆಯ ಮಾತನ್ನು ಇವತ್ತು ಮೊದಲ ಸಲ ಪೂರ್ತಿ ಕೇಳಿದೆ. ಮುದುಕಿ ತನ್ನ ಮರಗಳನ್ನು ಒಂದೊಂದಾಗಿ ತೋರಿಸಿ ಇದು ಮದುವೆಯಾದ ವರ್ಷ ನೆಟ್ಟದ್ದು, ಇದು ತಮ್ಮ ಯುದ್ಧಕ್ಕೆ ಹೋದಾಗ ನೆಟ್ಟದ್ದು ಎನ್ನುತ್ತಾಳೆ. ಕಂಪನಿಯವನು ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಿರುತ್ತಾನೆ. ಕೊನೆಯಲ್ಲಿ ಅವಳು ಅವನಿಗೆ ಹೇಳುವುದು ಇಷ್ಟೇ, "ಹಣ್ಣಾದ ಮೇಲೆ ಬನ್ನಿ."

ಪ್ರತಿ ಮರಕ್ಕೂ ಮೊದಲು ಅವಳು ಒಂದು ಉಸಿರು ನಿಲ್ಲುತ್ತಾಳೆ. ಇಷ್ಟು ದಿನ ಅದನ್ನು ತಡವರಿಕೆ ಎಂದುಕೊಂಡಿದ್ದೆ.

ಮೇ 8, ಮಂಗಳವಾರ

ತಾಲೀಮಿನ ನಡುವೆ ಕರೆಂಟು ಹೋಯಿತು. ಮಿಸ್ ಒರೋಸ್ಕೊ ಪಕ್ಕದ ಬಾಗಿಲು ತೆರೆದಿಟ್ಟರು. ಮಕ್ಕಳೆಲ್ಲ ಬಿಸಿಲಿಗೆ ಓಡಿದರು, ನಿಹಾರಿಕಾ ಮಾತ್ರ ಬಂದು ನನ್ನ ಪಕ್ಕ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಶುರು ಮಾಡಿದಳು. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಆ ಪಾರ್ಟಿಗೆ ಹೆಸರು ಕೊಟ್ಟವರು ಏಳು ಜನರಂತೆ. ಉಳಿದವರೆಲ್ಲ ಮುದುಕಿಯ ದನಿ ನಡುಗಿಸಿ, ಬೆನ್ನು ಬಗ್ಗಿಸಿ ತೋರಿಸಿದರಂತೆ. ತಾನು ಸುಮ್ಮನೆ ನಿಧಾನವಾಗಿ ಹೇಳಿದೆ ಎಂದಳು. ಯಾಕೆ ಆ ಪಾರ್ಟು ಬೇಕಾಗಿತ್ತು ಎಂದು ಕೇಳಿದೆ.

"ಅವಳು ಮಾತಾಡುವಾಗ… ಯಾರೂ ನಡುವೆ ಬರಲ್ಲ" ಎಂದಳು.

ಏನೋ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕರೆಂಟು ಬಂತು.

ಮೇ 11, ಶುಕ್ರವಾರ

ಈಗಷ್ಟೇ ಮನೆಗೆ ಬಂದೆವು. ಇವತ್ತೇ ಬರೆಯದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ನಾಟಕ ಸಂಜೆ ಆರಕ್ಕೆ. ಇವರು ಮೀಟಿಂಗು ಬಿಟ್ಟು ಐದೂವರೆಗೇ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಸಮದ್ ಚಾಚಾ ವಾಲ್ನಟ್ ಕ್ರೀಕಿನಿಂದ ಮಗನ ಕಾರಿನಲ್ಲಿ ಬಂದು, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಹಿಂದಿನ ಮೂಲೆಯಲ್ಲಿ ನನ್ನ ಪಕ್ಕ ಬೆಂಕಿ ಸಿಲಿಂಡರಿಗೆ ಕಾವಲು ಕೂತರು. ನನ್ನ ಕಿವಿಯಲ್ಲಿ ಹೆಡ್‌ಸೆಟ್ಟು, ರಂಗದ ಪಕ್ಕದಿಂದ ಮಿಸ್ ಒರೋಸ್ಕೊ ಹೇಳುವುದು ಅದರಲ್ಲಿ ಕೇಳುತ್ತದೆ. ಮೂವತ್ತೊಂಬತ್ತು ತುಂಡು ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಸಾಗಿತು. ಟೋಪಿಯ ಹುಡುಗನ ಟೋಪಿ ಮತ್ತೆ ಬಿತ್ತು. ನಾನೂ ಬೆಳಗೂ ಅವನಿಗಾಗಿ ಕಾದೆವು.

ನಲವತ್ತನೆಯದು ಸೂರ್ಯಾಸ್ತ. ಹಳದಿ ಇಳಿದು, ಕಿತ್ತಳೆ ಏರಿ, ಕೊನೆಗೆ ಒಂದೇ ಕೆಂಪು ದೀಪ ಅವಳ ಮುಖದ ಒಂದು ಬದಿಗೆ ನಿಲ್ಲುತ್ತದೆ. ನಲವತ್ತೊಂದನೆಯದು ಕತ್ತಲೆ. ನಿಹಾರಿಕಾ ಎಲ್ಲ ಮರಗಳನ್ನೂ ಹೇಳಿ ಮುಗಿಸಿದಳು. ಇನ್ನು ಆ ಒಂದು ಮಾತು ಮಾತ್ರ ಬಾಕಿ. ಆಗ ನಿಂತಳು.

ಒಂದು ಉಸಿರು ಹೋಯಿತು. ಸಭೆಯಲ್ಲಿ ಎಲ್ಲೋ ಸೆಲ್‌ಫೋನು ಕೂಗಿತು, ಅವರು ತಡಕಾಡಿ ಆರಿಸಿದರು. ಅವಳು ಆಗಲೂ ನಿಂತೇ ಇದ್ದಳು. ಎರಡು ಉಸಿರು, ಮೂರು. ಕುರ್ಚಿಗಳು ಕಿರುಗುಟ್ಟಿದವು. ಕಿವಿಯಲ್ಲಿ ಮಿಸ್ ಒರೋಸ್ಕೊ ಮೆಲ್ಲಗೆ, ಮರೆತುಬಿಟ್ಟಿದ್ದಾಳೆ ಜಲಜಾ, ದೀಪ ಆರಿಸು, ಅಲ್ಲಿಗೇ ಮುಗಿಯಿತು ಎಂದುಕೊಳ್ಳುತ್ತಾರೆ ಎಂದರು. ಒಳ್ಳೆಯದಕ್ಕೇ ಹೇಳಿದ್ದು. ಚಾಚಾ ಕೂಡ ಬಗ್ಗಿ "ಬೇಟಿ, ಒತ್ತಿಬಿಡು, ಪಾಪ ಮಗು" ಎಂದರು. ನನ್ನ ಬೆರಳು ಬಾರಿನ ಮೇಲಿತ್ತು. ಆ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಕೂಗಿ ಹೇಳಿಕೊಡಬೇಕು ಎನ್ನಿಸಿತು. ನನಗೆ ಅಷ್ಟು ಭಯ ಯಾವತ್ತೂ ಆಗಿರಲಿಲ್ಲ.

ಬೆರಳನ್ನು ಬಾರಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. "ನೋ. ವೀ ವಿಲ್ ವೇಟ್" ಎಂದೆ. ಕೆಂಪು ದೀಪ ಇದ್ದ ಹಾಗೇ ಇತ್ತು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ.

ಅವಳು ತಲೆ ಸ್ವಲ್ಪ ಎತ್ತಿದಳು. ಅವಸರವೇ ಇಲ್ಲದೆ, ಮೂರನೇ ಸಾಲಿಗೂ ಕೊನೇ ಸಾಲಿಗೂ ಒಂದೇ ಸಮ ಕೇಳುವ ಹಾಗೆ, ಹಣ್ಣಾದ ಮೇಲೆ ಬನ್ನಿ ಎಂದಳು. ನಾನು ಒತ್ತಿದೆ. ಕತ್ತಲೆಯಾಯಿತು. ಚಪ್ಪಾಳೆ ಬರಲು ಒಂದು ಗಳಿಗೆ ಹಿಡಿಯಿತು, ಬಂದ ಮೇಲೆ ನಿಲ್ಲಲಿಲ್ಲ. ಚಾಚಾ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನಾನು ಅತ್ತೆ, ಯಾರಿಗೂ ಕಾಣಲಿಲ್ಲ, ದೀಪ ನನ್ನ ಕೈಯಲ್ಲೇ ಇತ್ತಲ್ಲ.

ಮೇ 12, ಶನಿವಾರ

ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ಇವರು ಇನ್ನೂ ಮಲಗಿದ್ದರು. ನಿಹಾರಿಕಾ ಬಂದು ಕೌಂಟರಿನ ಮೇಲೆ ಕೂತಳು. ಮೊದಲಾಗಿದ್ದರೆ ಇಳಿ ಎನ್ನುತ್ತಿದ್ದೆ.

"ಅಮ್ಮಾ, ನಿನ್ನೆ ನಾನು ಮರ್ತಿರ್ಲಿಲ್ಲ" ಎಂದಳು.

ನಾನು ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಅವಳ ಕಡೆ ತಿರುಗಿದೆ.

"ಯಾರ್ದೋ ಸೆಲ್‌ಫೋನ್ ಬಂತಲ್ಲ… ಅದು ನಿಲ್ಲಲಿ ಅಂತ ವೇಟ್ ಮಾಡ್ದೆ. ಆಮೇಲೆ…"

ಅಲ್ಲಿಗೆ ನಿಲ್ಲಿಸಿ ಕಿಟಕಿಯಾಚೆ ನೋಡಿದಳು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ವಾಸನೆ ಬರುತ್ತಿತ್ತು. ನಾನು ನಿಂತೇ ಇದ್ದೆ.

"ಆಮೇಲೆ ದೀಪ ಆರಿಲ್ಲ. ನೀನೂ ಕಾಯ್ತಿದೀಯ ಅಂತ ಗೊತ್ತಾಯ್ತು. ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ನಿಂತೆ."

ರೊಟ್ಟಿ ಒಂದು ಬದಿ ಪೂರ್ತಿ ಕರಕಲಾಗಿತ್ತು. ಅರ್ಧ ಅವಳು ತಿಂದಳು, ಅರ್ಧ ನಾನು.